ಮುನಿಕೃಷ್ಣಮ್ಮ ಹೇಳದೆ ಬಿಟ್ಟ ಮಾತು

ಮುನಿಕೃಷ್ಣಮ್ಮ ಬಸುರಿಯರನ್ನು ಚೆನ್ನಾಗಿ ಬಯ್ಯುತ್ತಿದ್ದಳು. ಹೆರಿಗೆ ನೋವಿನಲ್ಲಿ ಕಿರುಚುವವಳ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಅವಳ ಸೊಂಟ ನೀವುತ್ತಾ, ಅವಳ ಅತ್ತೆಯನ್ನು, ಗಂಡನನ್ನು, ಇನ್ನೂ ಹುಟ್ಟದ ಮಗುವನ್ನೂ ಸೇರಿಸಿ ಬಯ್ಯುತ್ತಿದ್ದಳು. ಕಿರುಚುತ್ತಿದ್ದವಳಿಗೆ ನಡುವೆ ನಗು ಬಂದುಬಿಡುತ್ತಿತ್ತು. ಆ ನಗುವಿನಲ್ಲೇ ಅರ್ಧ ಕೆಲಸ ಆಗಿಹೋಗುತ್ತದೆ ಎಂದು ಅವಳು ಹೇಳುತ್ತಿದ್ದಳು. ಅಮೃತಹಳ್ಳಿಯಿಂದ ಯಲಹಂಕದವರೆಗೆ ಅವಳ ಕೈಯಲ್ಲಿ ಹುಟ್ಟಿದ ಕೂಸು ಇಲ್ಲದ ಬೀದಿ ಇರಲಿಲ್ಲ. ವಯಸ್ಸಿನಲ್ಲಿ ನನ್ನ ತಾಯಿಯಷ್ಟು ದೊಡ್ಡವಳು. ಆದರೂ ಅವಳು ಸೂಲಗಿತ್ತಿ, ನಾನು ಓದಿದ ಮನೆಯ ಹುಡುಗಿ ಎಂದು ನಾನು ಅವಳನ್ನು ಏಕವಚನದಲ್ಲಿ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಅದನ್ನು ತಿದ್ದಿದರೆ ಸುಳ್ಳಾಗುತ್ತದೆ, ಅದಕ್ಕೆ ಹಾಗೇ ಬಿಟ್ಟಿದ್ದೇನೆ.

ಅಷ್ಟು ಬಯ್ಯುವವಳ ಬಾಯಲ್ಲಿ ಅಪಶಕುನದ ಮಾತು ಮಾತ್ರ ಒಂದೂ ಬರುತ್ತಿರಲಿಲ್ಲ. ಬಸುರಿ ಇರುವ ಕಡೆ ಅಕ್ಕಿ ಮುಗಿಯಿತು ಎನ್ನಬಾರದು, ತುಂಬಿದೆ ಎನ್ನಬೇಕು. ಬಳೆ ಒಡೆಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ಹೋಗುತ್ತೇನೆ ಎಂದು ಯಾರೂ ಹೋಗುವಂತಿಲ್ಲ, ಬರುತ್ತೇನೆ ಎಂದು ಹೇಳಿಯೇ ಹೋಗಬೇಕು. ಒಂದು ಸಲ ನಾನು ಎಲ್ಲರ ಎದುರು "ಸೀಮೆಎಣ್ಣೆ ಖಾಲಿ" ಎಂದಾಗ ನನ್ನ ಮೊಣಕೈಗೆ ಪಟ್ಟೆಂದು ಹೊಡೆದಳು.

"ಒಟ್ಟೇಲಿರೋದು ಕೇಳಿಸ್ಕೊಳ್ತದೆ ಕಣಮ್ಮ," ಎಂದಳು. "ನಾವಾಡೋ ಮಾತೇ ಅದಕ್ಕೆ ಮೊದಲ್ನೇ ಎದೆ ಆಲು."

ನನಗೆ ಆಗ ಇಪ್ಪತ್ತೆರಡು ವರ್ಷ. ಇಂಟರ್‌ಮೀಡಿಯೆಟ್ ಪಾಸಾದವಳು. ಇದೆಲ್ಲ ಹಳ್ಳಿಯವರ ಮೂಢನಂಬಿಕೆ ಎಂದು ಒಳಗೊಳಗೇ ನಕ್ಕಿದ್ದೆ. ಆ ನಗು ನನಗೆ ಬಹಳ ದಿನ ಉಳಿಯಲಿಲ್ಲ.

ಇದು ೧೯೫೫ರ ಮಾತು. ಆ ವರ್ಷ ಹಿಂಗಾರು ಮಳೆ ಮೂರು ದಿನ ಬಿಡದೆ ಹೊಡೆದು, ಒಂದು ಕೆರೆಯ ಏರಿ ನಡುರಾತ್ರಿ ಕಿತ್ತುಕೊಂಡು ಹೋಯಿತು. ಕೆಳಗಿನಪಾಳ್ಯ ಎಂದು ಕರೆಯುತ್ತಿದ್ದ ಅರವತ್ತು ಮನೆಗಳ ಊರು ಬೆಳಗಾಗುವಷ್ಟರಲ್ಲಿ ಕೆಸರಿನ ಬಯಲಾಗಿತ್ತು. ಬದುಕಿದವರನ್ನು ಹೆಬ್ಬಾಳದಾಚೆ, ಬಳ್ಳಾರಿ ರಸ್ತೆಯ ಪಕ್ಕ, ಯುದ್ಧದ ಕಾಲದಲ್ಲಿ ಕಟ್ಟಿ ಆಮೇಲೆ ಯಾರೋ ಕೊಂಡುಕೊಂಡಿದ್ದ ಮೂರು ತಗಡಿನ ಶೆಡ್ಡುಗಳಿಗೆ ತಂದು ತುಂಬಿದರು. ಒಂದು ಪರಿಹಾರ ಸಮಿತಿ ಹುಟ್ಟಿತು. ಅದರ ಕಾರ್ಯದರ್ಶಿ ತ್ರಿವಿಕ್ರಮ ರಾಯರು ನಿವೃತ್ತ ಹೆಡ್‌ಮಾಸ್ಟರು, ನಮ್ಮ ತಂದೆಯ ಸ್ನೇಹಿತರು. ರಿಜಿಸ್ಟರು ಬರೆಯಲು ಅಕ್ಷರ ಚೆನ್ನಾಗಿರುವ ಹುಡುಗಿ ಬೇಕು ಎಂದು ಅವರು ಕೇಳಿದಾಗ, ಯಶವಂತಪುರದ ನಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಅಪ್ಪ ಕಳಿಸಿದರು.

ಮೂರನೆಯ ಶೆಡ್ಡಿಗೆ ಮಾತ್ರ ಅಗುಳಿ ಇರುವ ಬಾಗಿಲಿತ್ತು. ಅದನ್ನು ಬಸುರಿ ಬಾಣಂತಿಯರಿಗೆಂದು ಇಟ್ಟು, ನೋಡಿಕೊಳ್ಳಲು ಸಂಬಳ ಗೊತ್ತುಮಾಡಿ ಮುನಿಕೃಷ್ಣಮ್ಮನನ್ನು ಕರೆಸಿದರು. ಅವಳು ಬಂದ ದಿನ ಮೊದಲು ಮಾಡಿದ ಕೆಲಸ ಔಷಧಿ ಪೆಟ್ಟಿಗೆ ತೆಗೆದು ನೋಡಿದ್ದಲ್ಲ. ಶೆಡ್ಡಿನ ಹಿಂದೆ ಹೋಗಿ, ಹೆಂಗಸರು ಬಯಲಿಗೆ ಎಲ್ಲಿ ಹೋಗುತ್ತಾರೆ ಎಂದು ನೋಡಿ ಬಂದಳು. ರಸ್ತೆಯ ಪಕ್ಕವೇ ಲಾರಿಗಳು ತಂಗುವ ಜಾಗ. ಅಲ್ಲಿಯವನೊಬ್ಬ ಹಿಂದಿನ ಸಂಜೆ ಒಂದು ಹುಡುಗಿಯ ಸೆರಗು ಹಿಡಿದಿದ್ದ. ಮುನಿಕೃಷ್ಣಮ್ಮ ಹಳೆಯ ಗೋಣಿಚೀಲ ಬಿಚ್ಚಿ ಹೊಲಿದು, ಗಳುಗಳಿಗೆ ಕಟ್ಟಿ, ಒಂದು ಮರೆ ಮಾಡಿದಳು. ಕತ್ತಲಾದ ಮೇಲೆ ಲಾಂದ್ರ ಹಿಡಿದು ಅವಳೇ ಮುಂದೆ, ಹೆಂಗಸರೆಲ್ಲ ಹಿಂದೆ. ಊರಬಾಗಿಲಿಂದ ಹೊರಟ ಮೆರವಣಿಗೆಯ ಹಾಗಿರುತ್ತಿತ್ತು ಎಂದು ನಾವು ತಮಾಷೆ ಮಾಡುತ್ತಿದ್ದೆವು. ಅವಳೂ ನಗುತ್ತಿದ್ದಳು, ಲಾಂದ್ರ ಮಾತ್ರ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಮೊದಲ ಹದಿನೈದು ದಿನ ಪಟ್ಟಣಕ್ಕೆ ಪಟ್ಟಣವೇ ಮರುಗಿ ಕರಗಿಹೋಯಿತು. ಗಾಡಿಗಟ್ಟಲೆ ಅಕ್ಕಿ, ಹಳೆಯ ಸೀರೆ, ಹಾಲಿನ ಪುಡಿ. ಫೋಟೋ ತೆಗೆಸಿಕೊಳ್ಳಲು ಬಂದವರೇ ಎಷ್ಟೋ. ದೀಪಾವಳಿ ಕಳೆಯುವಷ್ಟರಲ್ಲಿ ಅವರಿಗೆಲ್ಲ ಬೇರೆ ಕೆಲಸಗಳು ನೆನಪಾದವು. ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರ ವ್ಯಾನು ಪೆಟ್ರೋಲಿಗೆ ದುಡ್ಡಿಲ್ಲದೆ ನಿಂತಿತು. ಮುನಿಕೃಷ್ಣಮ್ಮನ ಸಂಬಳವೂ ನಿಂತಿತು. ಅವಳು ಅದನ್ನು ಕೇಳಿಸಿಕೊಂಡವಳ ಹಾಗೆಯೇ ಇರಲಿಲ್ಲ, ಮರುದಿನವೂ ಬಂದು ಬಾಣಂತಿಯರಿಗೆ ನೀರು ಕಾಯಿಸಿದಳು. ಡಿಸೆಂಬರಿನಲ್ಲಿ ಬಾಡಿಗೆ ಕೊಡಲಾಗದೆ ಎರಡು ಶೆಡ್ಡುಗಳನ್ನು ಬಿಟ್ಟುಕೊಡಬೇಕಾಯಿತು. ಸಂಸಾರಗಳನ್ನೆಲ್ಲ ಒಂದೂವರೆ ಫರ್ಲಾಂಗು ಆಚೆ, ಬಯಲಲ್ಲಿ ಹಾಕಿದ ಗುಡಾರಗಳಿಗೆ ಸಾಗಿಸಿದೆವು. ಬಾಗಿಲಿದ್ದ ಶೆಡ್ಡು ಉಳಿಯಿತು, ಅದರಲ್ಲೂ ಅರ್ಧ ಬಿಟ್ಟುಕೊಟ್ಟದ್ದರಿಂದ ಹನ್ನೆರಡು ಮಂದಿಗೆ ಮಾತ್ರ ಜಾಗ. ಬಸುರಿ ಬಾಣಂತಿಯರು ಇದ್ದದ್ದು ಇಪ್ಪತ್ತಾರು.

ಯಾರನ್ನು ಇಟ್ಟುಕೊಳ್ಳಬೇಕು ಎಂದು ರಾಯರು ಎರಡು ರಾತ್ರಿ ನಿದ್ದೆಗೆಟ್ಟು ಒಂದು ನಿಯಮ ಮಾಡಿದರು. ವಿಧವೆಯರಿಗೆ ಶೆಡ್ಡು, ಗಂಡ ಇದ್ದವರಿಗೆ ಗುಡಾರ, ಅವರನ್ನು ಗಂಡ ನೋಡಿಕೊಳ್ಳುತ್ತಾನೆ. ಕೇಳಿದರೆ ನ್ಯಾಯವಾಗಿಯೇ ಇತ್ತು. ರಾಯರು ಕೆಟ್ಟವರಲ್ಲ, ನಿಯಮವನ್ನು ನಂಬಿದ ಒಳ್ಳೆಯವರು. ಮೋಸ ಆಗಬಾರದು ಎಂದು ಇನ್ನೊಂದು ಕ್ರಮ ಇಟ್ಟಿದ್ದರು: ರಿಜಿಸ್ಟರಿನಲ್ಲಿ ಬರೆದದ್ದನ್ನು ಆಯಾ ಹೆಂಗಸಿಗೆ ಗಟ್ಟಿಯಾಗಿ ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಬೇಕು. ಓದುವ ಕೆಲಸ ನನ್ನದು.

ದ್ರೌಪದಮ್ಮನ ಸರದಿ ಬಂತು. ಕೆಳಗಿನಪಾಳ್ಯದಲ್ಲಿ ಸೊಪ್ಪು ಬೆಳೆದು ಪೇಟೆಗೆ ಹಾಕುತ್ತಿದ್ದ ಕದಿರಪ್ಪನ ಹೆಂಡತಿ. ಚೊಚ್ಚಲ ಬಸುರಿ, ಒಂಬತ್ತನೇ ತಿಂಗಳು ಹತ್ತಿರ. ಕೆರೆ ಒಡೆದ ರಾತ್ರಿ ಕದಿರಪ್ಪ ಅವಳನ್ನು ದಿಣ್ಣೆ ಹತ್ತಿಸಿ, ಎತ್ತು ಬಿಚ್ಚಿ ಬರುತ್ತೇನೆ ಎಂದು ಇಳಿದು ಹೋಗಿದ್ದ. ಎತ್ತುಗಳ ಹೆಣ ಸಿಕ್ಕಿತ್ತು. ಅವನು ಸಿಕ್ಕಿರಲಿಲ್ಲ.

ರಿಜಿಸ್ಟರಿನಲ್ಲಿ ಇದ್ದದ್ದು ಎರಡೇ ಖಾನೆ, ಸುಮಂಗಲಿ ಮತ್ತು ವಿಧವೆ. ನೀರಿಗೆ ಇಳಿದು ಬಾರದೆ ಹೋದವನ ಹೆಂಡತಿಗೆ ನಾನು ಖಾನೆಯ ಗೀಟು ಹಾಕಿರಲಿಲ್ಲ.

"ನಿನ್ನ ಯಜಮಾನರ ವಿಷಯ ಏನಮ್ಮ?" ಎಂದು ರಾಯರು ಮೆಲ್ಲಗೆ ಕೇಳಿದರು.

"ಎತ್ತು ಬಿಚ್ಚಾಕ್ ಓಗವ್ರೆ," ಎಂದಳು ದ್ರೌಪದಮ್ಮ. "ಬತ್ತಾರೆ."

"ಎರಡು ತಿಂಗಳಾಯ್ತಲ್ಲಮ್ಮ."

ರಾಯರು ಪಕ್ಕದಲ್ಲಿ ನಿಂತಿದ್ದ ಮುನಿಕೃಷ್ಣಮ್ಮನ ಕಡೆ ತಿರುಗಿದರು. "ನೀನು ಹೇಳು ಮುನಿಕೃಷ್ಣಮ್ಮ. ನಿನ್ನ ಮಾತಿನ ಮೇಲೆ ಬರೆಸ್ತೀನಿ. ವಿಧವೆ ಅಂತ ಬರೆದರೆ ಇವಳಿಗೆ ಇಲ್ಲಿ ಜಾಗ ಇದೆ. ಇಲ್ಲಾಂದ್ರೆ ಗುಡಾರಕ್ಕೆ ಹೋಗ್ಬೇಕು."

ನಾನು ಪೆನ್ನು ಹಿಡಿದು ಕೂತಿದ್ದೆ. ದ್ರೌಪದಮ್ಮ ಮುನಿಕೃಷ್ಣಮ್ಮನ ಮುಖವನ್ನೇ ನೋಡುತ್ತಾ "ಅಕ್ಕ ಏಳ್ದಂಗೆ," ಎಂದಳು. ಅವಳ ಹಣೆಯಲ್ಲಿ ಅಗಲವಾದ ಕುಂಕುಮ. ಎರಡೂ ಕೈತುಂಬ ಹಸಿರು ಬಳೆ. ಆ ಬಳೆಗಳನ್ನು ಏಳನೇ ತಿಂಗಳಲ್ಲಿ, ತೌರುಮನೆಯವರು ದೂರ ಇದ್ದಾರೆಂದು, ಮುನಿಕೃಷ್ಣಮ್ಮನೇ ತಂದು ತೊಡಿಸಿದ್ದಳು. ಅವಳು ಬಹಳ ಹೊತ್ತು ಆ ಕೈಗಳನ್ನು ನೋಡಿದಳು.

"ಆ ಮಾತು ನನ್ ಬಾಯಾಗ್ ಬರಾಕಿಲ್ಲ ಸ್ವಾಮಿ," ಎಂದಳು ಕೊನೆಗೆ. "ಬಸುರಿ ಮುಂದೆ ಆಡೋ ಮಾತಾ ಅದು? ಗಂಡ ಅವ್ನೆ ಅಂತ ಬರ್ಕಳಿ."

ನಾನು ಬರೆದೆ. ಗಟ್ಟಿಯಾಗಿ ಓದಿದೆ. ದ್ರೌಪದಮ್ಮ ಹೆಬ್ಬೆಟ್ಟು ಒತ್ತಿದಳು. ಅವಳ ಮುಖದಲ್ಲಿ ಆಗ ಎಂಥ ನಿರಾಳ ಕಂಡಿತೆಂದರೆ, ಅವಳಿಗೆ ಜಾಗ ಸಿಕ್ಕಿತೇನೋ ಎಂದು ಯಾರಾದರೂ ತಿಳಿಯಬೇಕು. ನಾನು ವಿಧವೆ ಎಂದು ಬರೆದು ಸುಮಂಗಲಿ ಎಂದು ಓದಬಹುದಿತ್ತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ರಾಯರ ಕನ್ನಡಕ ಜೇಬಿನಲ್ಲಿತ್ತು. ನನ್ನ ರಿಜಿಸ್ಟರಿನಲ್ಲಿ ಒಂದು ಚಿತ್ತೂ ಇಲ್ಲ, ಒಂದು ಸುಳ್ಳೂ ಇಲ್ಲ ಎಂದು ನನಗೆ ಹೆಮ್ಮೆ. ಆ ಹೆಮ್ಮೆಗೆ ಈಗ ಬೆಂಕಿ ಹಾಕಬೇಕು ಅನ್ನಿಸುತ್ತದೆ.

ಗುಡಾರದಲ್ಲಿ ದ್ರೌಪದಮ್ಮ ಒಬ್ಬಳೇ. ಪಕ್ಕದ ಗುಡಾರಗಳಲ್ಲಿ ಗಂಡಂದಿರು ಇದ್ದರು, ಅವರವರ ಹೆಂಡಿರನ್ನು ನೋಡಿಕೊಂಡರು. ಸೀಮೆಎಣ್ಣೆ ಅರ್ಧಕ್ಕೆ ಇಳಿದಿದ್ದರಿಂದ ಶೆಡ್ಡಿಗೆ ಒಂದೇ ಲಾಂದ್ರ ಉಳಿದಿತ್ತು, ಗುಡಾರಗಳಿಗೆ ಅದೂ ಇಲ್ಲ. ನಡುವೆ ಲಾರಿಗಳು ತಂಗುವ ಬಯಲು. ಸಂಜೆಯ ಮೇಲೆ ಹೆಂಗಸರು ಅತ್ತ ತಲೆ ಹಾಕುತ್ತಿರಲಿಲ್ಲ.

ಮುನಿಕೃಷ್ಣಮ್ಮ ದಿನಾ ಮಧ್ಯಾಹ್ನ ಹೋಗಿ ನೋಡಿಬರುತ್ತಿದ್ದಳು. ನಾಲ್ಕನೆಯ ದಿನ ನನ್ನನ್ನೂ ಕರೆದುಕೊಂಡು ಹೋದಳು. ದ್ರೌಪದಮ್ಮನ ಪಾದ ಊದಿತ್ತು, ತುಟಿ ಸಿಪ್ಪೆಯೆದ್ದಿತ್ತು. ಕೊಟ್ಟ ನೀರಿನ ಚೊಂಬು ತುಂಬಿದ್ದು ತುಂಬಿದಂತೆಯೇ ಇತ್ತು.

"ನೀರ್ ಯಾಕ್ ಕುಡೀತಿಲ್ಲ?" ಎಂದು ಮುನಿಕೃಷ್ಣಮ್ಮ ಗದರಿಸಿದಳು.

"ಕುಡುದ್ರೆ ರಾತ್ರಿ ಎದ್ ಓಗ್ಬೇಕಾಗ್ತದಕ್ಕ. ಕತ್ಲಾಗೆ ಎಂಗ್ ಓಗ್ಲಿ."

ಅವಳು ಮಧ್ಯಾಹ್ನದ ನಂತರ ನೀರೂ ಮುಟ್ಟುತ್ತಿರಲಿಲ್ಲ, ಅನ್ನವೂ ಮುಟ್ಟುತ್ತಿರಲಿಲ್ಲ. ಅವಳೊಬ್ಬಳೇ ಅಲ್ಲ, ಆ ಸಾಲಿನ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಮುನಿಕೃಷ್ಣಮ್ಮ ಅಲ್ಲಿಂದ ನೇರ ರಾಯರ ಹತ್ತಿರ ಹೋಗಿ, ಇವಳನ್ನು ವಾಪಸು ತನ್ನಿ ಎಂದು ಕೈಮುಗಿದಳು. ರಾಯರು ಕಣ್ಣು ಕೆಳಗೆ ಹಾಕಿಕೊಂಡು, ಒಬ್ಬಳಿಗೆ ನಿಯಮ ಮುರಿದರೆ ಉಳಿದ ಹದಿಮೂರು ಮಂದಿಯ ಗಂಡಂದಿರಿಗೆ ಏನು ಹೇಳಲಿ ಎಂದರು. ಮತ್ತೆ ಒಂದು ಸಲ ಕೇಳಿದರು: "ಈಗಲಾದರೂ ವಿಧವೆ ಅಂತ ತಿದ್ದಿಸಿ ಅವಳಿಗೆ ಓದಿಸ್ಲಾ?"

ಮುನಿಕೃಷ್ಣಮ್ಮ ಬಾಯಿ ತೆರೆದಳು. ನಾನು ನೋಡುತ್ತಿದ್ದೆ. ಬಾಯಿ ಮುಚ್ಚಿದಳು. ಸೆರಗಿನಿಂದ ತುಟಿ ಒರೆಸಿಕೊಂಡು ಹೊರಟುಹೋದಳು. ಶೆಡ್ಡಿನಲ್ಲಿ ಇಬ್ಬರಿಗೆ ಇಂದೋ ನಾಳೆಯೋ ಎಂಬಂತಿತ್ತು, ರಾತ್ರಿ ಅವರನ್ನು ಬಿಟ್ಟು ಗುಡಾರದಲ್ಲಿ ಮಲಗುವ ಹಾಗಿರಲಿಲ್ಲ. ನೋವು ಕಾಣಿಸಿದ ತಕ್ಷಣ ಎಷ್ಟು ಹೊತ್ತಾದರೂ ಬಂದು ಬಾಗಿಲು ಬಡಿ ಎಂದು ದ್ರೌಪದಮ್ಮನಿಗೆ ಹತ್ತು ಸಲ ಹೇಳಿ ಬಂದಳು.

ಒಂಬತ್ತನೆಯ ರಾತ್ರಿ ನೋವು ಕಾಣಿಸಿತು. ದ್ರೌಪದಮ್ಮ ಬರಲಿಲ್ಲ. ಪಕ್ಕದ ಗುಡಾರದವರನ್ನೂ ಎಬ್ಬಿಸಲಿಲ್ಲ, ಪರಪುರುಷರು ಮಲಗಿರುವ ಕಡೆ ಹೇಗೆ ಕೂಗಲಿ ಎಂದುಕೊಂಡಳಂತೆ. ಬಾಯಿಗೆ ಸೆರಗು ತುರುಕಿಕೊಂಡು ಬೆಳಕು ಹರಿಯುವುದನ್ನು ಕಾದಳು. ಕೋಳಿ ಕೂಗಿದ ಮೇಲೆ ತೆವಳಿಕೊಂಡು ಹೊರಟವಳು ಬಯಲಿನ ಅರ್ಧ ದಾರಿಯಲ್ಲಿ ಬಿದ್ದಿದ್ದಳು. ಮುನಿಕೃಷ್ಣಮ್ಮ ಅಲ್ಲಿಯೇ, ನಾಲ್ಕು ಹೆಂಗಸರು ಸೀರೆ ಅಡ್ಡ ಹಿಡಿದು ನಿಂತಾಗ, ಮಗುವನ್ನು ತೆಗೆದಳು. ಹೆಣ್ಣು ಮಗು, ಅತ್ತಿತು. ರಕ್ತ ಮಾತ್ರ ನಿಲ್ಲಲಿಲ್ಲ. ಅವತ್ತು ಅವಳು ಬಯ್ಯಲಿಲ್ಲ. "ಇರವ್ವ, ಇರವ್ವ," ಎಂದು ಅಷ್ಟನ್ನೇ ಹೇಳುತ್ತಿದ್ದಳು. ನಾನು ಬೆಳಗಿನ ಬಸ್ಸಿಳಿದು ಬರುವ ಹೊತ್ತಿಗೆ ಎಲ್ಲ ಆಗಿಹೋಗಿತ್ತು.

ಶೆಡ್ಡಿನಲ್ಲಿ ಬಾಣಂತಿಯಾಗಿದ್ದ ನಸೀಮಾ ಯಾರನ್ನೂ ಕೇಳದೆ ಮಗುವನ್ನು ಎತ್ತಿಕೊಂಡು ಹಾಲು ಕೊಟ್ಟಳು. ಒಂದು ವಾರದ ಮೇಲೆ ದ್ರೌಪದಮ್ಮನ ಅಣ್ಣ ದೊಡ್ಡಮುನಿಯಪ್ಪ ಬಂದು ಮಗುವನ್ನು ಕರೆದುಕೊಂಡು ಹೋದ. ಕದಿರಪ್ಪ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ತೀರಿಕೊಂಡ ದಿನ ದ್ರೌಪದಮ್ಮನ ಮೈಗೆ ಅರಿಶಿನ ಹಚ್ಚಿ, ಹೊಸ ಬಳೆ ತೊಡಿಸಿ, ಹೂ ಮುಡಿಸಿದರು. ಹೆಂಗಸರು ಸಾಲಾಗಿ ಬಂದು ಅವಳ ಹಣೆಯ ಕುಂಕುಮ ಮುಟ್ಟಿ ತಮ್ಮ ಹಣೆಗೆ ಇಟ್ಟುಕೊಂಡರು. ಮುತ್ತೈದೆ ಸಾವು, ಪುಣ್ಯವಂತೆ, ಎಷ್ಟು ಮಂದಿಗೆ ಸಿಗುತ್ತದೆ ಎಂದು ಮಾತಾಡಿಕೊಂಡರು. ಮುನಿಕೃಷ್ಣಮ್ಮ ಒಂದು ಕಡೆ ಕಲ್ಲಾಗಿ ಕೂತಿದ್ದಳು. ಯಾರೋ ಅವಳನ್ನೂ ಕುಂಕುಮ ತೆಗೆದುಕೊಳ್ಳಲು ಕರೆದರು.

"ನಾನೊಂದ್ ಮಾತ್ ಅಂದಿದ್ರೆ ಮುಂಡೆಯಾಗಿ ಬದುಕಿರೋಳು," ಎಂದಳು ಅವಳು, ಎಲ್ಲರಿಗೂ ಕೇಳಿಸುವ ಹಾಗೆ. ಹೆಂಗಸರು ಸರಿದು ನಿಂತರು. ಆ ಬಾಯಲ್ಲಿ ಅಂಥ ಮಾತನ್ನು ಅವರು ಕೇಳಿದ್ದು ಅದೇ ಮೊದಲು.

ಆಮೇಲೆ ಹತ್ತು ವರ್ಷ ಅವಳು ಊರೂರು ತಿರುಗಿ ಅದೇ ಕೆಲಸ ಮಾಡಿದಳು. ನನಗೆ ದಾನಿಗಳು ನಡೆಸುತ್ತಿದ್ದ ಒಂದು ಹೆರಿಗೆಮನೆಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಅರವತ್ತೈದು, ಅರವತ್ತಾರರಲ್ಲಿ ಕಾಳು ಸಿಗದೆ ಜನ ರೇಷನ್ ಅಂಗಡಿಯ ಮುಂದೆ ಬೆಳಗಿನಿಂದ ನಿಲ್ಲುತ್ತಿದ್ದರು. ಆಗ ಆ ಹೆರಿಗೆಮನೆಗೂ ದಾನ ಬತ್ತಿತು. ಬಿಟ್ಟಿ ಹಾಸಿಗೆಗಳನ್ನು ಇಳಿಸಿ ಇಳಿಸಿ ಎಂಟಕ್ಕೆ ತಂದರು, ಅವೂ ವಿಧವೆಯರಿಗೆ, ಗಂಡ ಬಿಟ್ಟವರಿಗೆ ಎಂದರು. ಆ ಕಾಗದಕ್ಕೆ ಮತ್ತೆ ಖಾನೆಯ ಗೀಟು ಹಾಕಿದವಳು ನಾನೇ.

ಒಂದು ಬೆಳಿಗ್ಗೆ ಮುನಿಕೃಷ್ಣಮ್ಮ ಚಿಕ್ಕಜಾಲದ ಕಡೆಯ ಒಬ್ಬ ಬಸುರಿಯನ್ನು ಎತ್ತಿನಗಾಡಿಯಲ್ಲಿ ತಂದಳು. ಹೆಸರು ಗೋಪಾಲಮ್ಮ. ಮಗು ಅಡ್ಡ ತಿರುಗಿತ್ತು. ಮನೆಯಲ್ಲಿ ಆಗುವ ಕೆಲಸವಲ್ಲ ಎಂದು ಮುನಿಕೃಷ್ಣಮ್ಮನಿಗೆ ಕೈಯಿಟ್ಟ ತಕ್ಷಣ ಗೊತ್ತಾಗಿತ್ತು. ನಾನು ಗಂಡನ ವಿಷಯ ಕೇಳಿದೆ.

"ಸತ್ತೋದ. ಬರ್ಕಳಿ," ಎಂದಳು ಮುನಿಕೃಷ್ಣಮ್ಮ.

ಕಿಟಕಿಯಾಚೆ, ಗೇಟಿನ ಬಳಿ, ಗೋಪಾಲಮ್ಮನ ಗಂಡ ಚಿಕ್ಕಮಾರಯ್ಯ ಬಟ್ಟೆಯ ಗಂಟು ಹಿಡಿದು ನಿಂತಿದ್ದ. ಅವನಿಗೂ ಕೇಳಿಸಿತು. ಗೋಪಾಲಮ್ಮ ನೋವಿನ ನಡುವೆಯೇ ತಾಳಿ ಹಿಡಿದುಕೊಂಡು ಮುನಿಕೃಷ್ಣಮ್ಮನನ್ನು ದುರುಗುಟ್ಟಿ ನೋಡಿದಳು. ನಾನು ಅವನನ್ನೂ ನೋಡಿದೆ, ಇವಳನ್ನೂ ನೋಡಿದೆ. ವಿಧವೆ ಎಂದು ಬರೆದೆ. ತಾಯಿ ಮಗು ಇಬ್ಬರೂ ಉಳಿದರು.

ಹಾಗೆ ಒಂದೂವರೆ ವರ್ಷದಲ್ಲಿ ಅವಳು ಇಪ್ಪತ್ತಕ್ಕೂ ಹೆಚ್ಚು ಗಂಡಂದಿರನ್ನು ಬಾಯಲ್ಲೇ ಕೊಂದಳು, ನಾನು ಬರೆದುಕೊಂಡೆ. ಎಲ್ಲರೂ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರು, ಚಿಕ್ಕಮಾರಯ್ಯನೊಬ್ಬನನ್ನು ಬಿಟ್ಟು. ಅವನು ಮರುವರ್ಷ ಕಾಮಾಲೆಯಲ್ಲಿ ಹೋದ. ಅಷ್ಟು ಸಾಕಾಯಿತು. ಅವಳ ನಾಲಿಗೆಯೇ ಅವನನ್ನು ತಿಂದಿತು ಎಂದು ಊರೆಲ್ಲ ಆಯಿತು. ಗೋಪಾಲಮ್ಮ, ಆ ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಅಮೃತಹಳ್ಳಿಗೆ ಬಂದು, ಮುನಿಕೃಷ್ಣಮ್ಮನ ಬಾಗಿಲಿಗೆ ಮಣ್ಣು ತೂರಿ ಹೋದಳು. ಆಮೇಲೆ ಯಾರೂ ಹೆರಿಗೆಗೆ ಕರೆಯಲಿಲ್ಲ. ಬಸುರಿಯರು ಅವಳನ್ನು ಕಂಡರೆ ದಾರಿ ಬಿಟ್ಟು ಸರಿಯುತ್ತಿದ್ದರು. ಅವಳು ಹೆಬ್ಬಾಳದ ಸಂತೆಯಲ್ಲಿ ದಂಟಿನ ಸೊಪ್ಪು ಮಾರಿಕೊಂಡು ಬದುಕಿದಳು. ಬರೆದವಳು ನಾನು ಎಂದು ಊರಿಗೆ ಹೇಳುತ್ತೇನೆ ಎಂದು ನಾನು ಅಂದಾಗ, "ಸುಮ್ಕಿರಮ್ಮ, ನಿನ್ ಕೆಲಸಾನೂ ಓಗ್ಬುಟ್ರೆ ಬರ್ಕೊಳ್ಳೋರ್ ಯಾರು?" ಎಂದಳು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಸುಲಭವೂ ಆಗಿತ್ತು.

ಅರವತ್ತೆಂಟರ ಚಳಿಗಾಲದಲ್ಲಿ, ಅವಳು ಸಂತೆಗೆ ಬಾರದೆ ಎರಡು ವಾರವಾಯಿತೆಂದು ಕೇಳಿ, ಅಮೃತಹಳ್ಳಿಗೆ ಹೋದೆ. ಮನೆಯ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲು ಮುಚ್ಚಿತ್ತು. ಒಳಗೆ ಅವಳ ಸೊಸೆ ನಾರಾಯಣಮ್ಮನಿಗೆ ಎರಡನೆಯ ಹೆರಿಗೆ. ಮಗನೇ ಹೋಗಿ ಪಕ್ಕದೂರಿನ ಸೂಲಗಿತ್ತಿಯನ್ನು ಕರೆತಂದಿದ್ದ. ಮುನಿಕೃಷ್ಣಮ್ಮನಿಗೆ ಹೊಸ್ತಿಲು ದಾಟಬೇಡ ಎಂದು ಹೇಳಿದ್ದರು.

ನಾನು ಪಕ್ಕದಲ್ಲಿ ಕೂತೆ. ಒಳಗಿನಿಂದ ಒಂದೊಂದು ಕೂಗು ಬಂದಾಗಲೂ ಅವಳ ಕೈ ತನ್ನ ಮೊಣಕಾಲನ್ನೇ ನೀವುತ್ತಿತ್ತು. "ಈಗ್ ಮುಕ್ಕಬಾರ್ದು, ಇನ್ನೂ ಒತ್ತಾಗಿಲ್ಲ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಒಂದು ದೊಡ್ಡ ಕೂಗು, ಆಮೇಲೆ ಮಗುವಿನ ಅಳು. ಒಳಗೆ ಹೆಂಗಸರ ಸಡಗರದ ಮಾತು. ಯಾರೂ ಬಾಗಿಲು ತೆಗೆಯಲಿಲ್ಲ.

"ಗಂಡೋ ಹೆಣ್ಣೋ, ಕೇಳ್ಕೊಂಡ್ ಬರ್ಲಾ?" ಎಂದೆ.

"ಅದನ್ ಯಾರಾದ್ರೂ ಏಳ್ತಾರೆ," ಎಂದಳು. "ಸೊಸೆ ಬದುಕವ್ಳಾ ಅಂತ ಕೇಳಮ್ಮ. ಅದನ್ ಯಾರೂ ಕೇಳಲ್ಲ."

ನಾನು ಬಾಗಿಲು ತಳ್ಳಿ ಒಳಗೆ ಹೋದೆ. ಬಾಣಂತಿಯ ಕೋಣೆಯಲ್ಲಿ ನಿಂತು, ಐದಾರು ಹೆಂಗಸರ ಎದುರು, ತಾಯಿ ಬದುಕಿದ್ದಾಳಾ ಎಂದು ಕೇಳಿದೆ. ಎಲ್ಲರೂ ನನ್ನ ಬಾಯನ್ನೇ ನೋಡಿದರು. ಒಬ್ಬಳು ನೆಟಿಕೆ ಮುರಿದಳು. ಚಾಪೆಯ ಮೇಲಿನಿಂದ ನಾರಾಯಣಮ್ಮ ಕಣ್ಣು ತೆರೆದು "ನೀರು," ಎಂದಳು.

ನಾನು ಹೊರಗೆ ಬಂದು ಅದನ್ನೇ ಹೇಳಿದೆ. ಮುನಿಕೃಷ್ಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹದಿಮೂರು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನೇ ಬಾವಿಯಿಂದ ನೀರು ಸೇದಿ ಒಳಗೆ ತೆಗೆದುಕೊಂಡು ಹೋದೆ. ಅವಳು ಮುಟ್ಟಿದ ಚೊಂಬಾದರೆ ಅವರು ಕುಡಿಸುತ್ತಿರಲಿಲ್ಲ.